ಗೂಡಿನ ಆಳ

ನನ್ನ ಬಾಲ್ಯದಲ್ಲಿ ನೆರೆಮನೆಯ ಹಿರಿಯರೊಬ್ಬರಲ್ಲಿ ಸ್ಟೀರಿಯೋಸ್ಕೋಪ್ ಎಂಬ ಉಪಕರಣವಿತ್ತು. ರಟ್ಟಿನ ಮೇಲೆ ಅಕ್ಕಪಕ್ಕ ಅಂಟಿಸಿದ ಎರಡು ಚಿತ್ರಗಳು ಬರಿಗಣ್ಣಿಗೆ ಒಂದೇ ಬಗೆಯವು. ಮಸೂರಗಳಿಗೆ ಕಣ್ಣಿಟ್ಟೊಡನೆ ಅವೆರಡೂ ಬೆರೆತು, ಹತ್ತಿರದ್ದು ಮುಂದೆಯೂ ದೂರದ್ದು ಹಿಂದೆಯೂ ನಿಲ್ಲುತ್ತಿತ್ತು. ನಮ್ಮ ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರವಿದೆ. ಅದರಿಂದ ದೊರೆವ ಎರಡು ನೋಟಗಳು ಕೂಡಿ ಆಳದ ಅರಿವಾಗುತ್ತದೆಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ವಿವರಿಸಿದನು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ವಿದ್ಯೆ ಹಾಲೆಂಡಿನ ಹಕ್ಕಿಗಳ ನೆಲೆಗಳನ್ನು ಹೊಕ್ಕಿತು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಹಾರ್ಲೆಮ್ ಬಳಿಯ ಓವರ್‌ವೇನ್‌ನಲ್ಲಿ ನೆಲಸಿದ ಅಡಾಲ್ಫ್ ಬುರ್ಡೆ ಇಂಥ ಚಿತ್ರಗಳನ್ನು ತೆಗೆದವರಲ್ಲೊಬ್ಬನು. ಅಂದಿನ ಗಾಜಿನ ಫಲಕಗಳು ಬೆಳಕನ್ನು ನಿಧಾನವಾಗಿ ಗ್ರಹಿಸುತ್ತಿದ್ದವು. ಹಾರುವ ಹಕ್ಕಿ ಮಸುಕಾಗುತ್ತಿತ್ತು. ಗೂಡಿನ ಮೊಟ್ಟೆಗಳು ಅಲುಗುತ್ತಿರಲಿಲ್ಲ. ಆದರೆ ಸುತ್ತಲಿನ ಜೊಂಡು ಗಾಳಿಗೆ ತೂಗುತ್ತದಲ್ಲ! ಒಂದೇ ಮಸೂರದ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ ಎರಡನೆಯ ಚಿತ್ರ ತೆಗೆಯುವಷ್ಟರಲ್ಲಿ ಜೊಂಡಿನ ನಿಲುವೇ ಬದಲಾಗಿರುತ್ತಿತ್ತು. ಆದ್ದರಿಂದ ಎರಡು ಮಸೂರಗಳೂ ಒಮ್ಮೆಗೇ ಕಣ್ತೆರೆಯಬೇಕಾಗಿತ್ತು.

ಇಷ್ಟೆಲ್ಲ ಶ್ರಮವೇಕೆ? ಗೂಡೆಂದರೆ ಒಂದು ಟೊಳ್ಳು. ಅದರ ಆಳವೇ ಮರಿಗಳಿಗೆ ರಕ್ಷೆ. ಒಂಟಿ ಚಿತ್ರದಲ್ಲಿ ಅದು ಚಪ್ಪಟೆಯಾದ ಹುಲ್ಲಿನ ಗುಪ್ಪೆ. ಅಂದು ಮೊಟ್ಟೆಗಳನ್ನು ಕದ್ದು ಪೆಟ್ಟಿಗೆಯಲ್ಲಿ ಜೋಡಿಸುವುದು ಒಂದು ಹವ್ಯಾಸವಾಗಿತ್ತು. ಜೋಡಿಚಿತ್ರವು ಮೊಟ್ಟೆಯನ್ನು ಅದರ ಮನೆಯಲ್ಲಿಯೇ ಬಿಟ್ಟು, ಮನೆಯನ್ನು ನೋಡುಗನ ಕಣ್ಣಿಗೆ ತಂದಿತು.

ಆದರೂ ಕ್ಯಾಮೆರಾ ಪೂರ್ಣ ನಿರಪರಾಧಿಯಲ್ಲ. ಚಿತ್ರಕ್ಕಾಗಿ ಜೊಂಡನ್ನು ಕತ್ತರಿಸಿದರೆ ಕಾಗೆಗೂ ದಾರಿ ತೆರೆದಂತೆಯೇ. ಅದನ್ನು ಬಾಗಿಸಿ ಕಟ್ಟಿ, ಬಳಿಕ ಬಿಚ್ಚಿ, ಮೊದಲಿನಂತೆ ಮುಚ್ಚಿ ಬರುವ ಸಂಯಮ ಬೇಕು.

1904ರಲ್ಲಿ ಆಮ್‌ಸ್ಟರ್‌ಡಾಮ್ ನಗರವು ನಾರ್ಡರ್‌ಮೇರ್ ಎಂಬ ಸರೋವರವನ್ನು ಕಸದಿಂದ ತುಂಬಿಸಲು ಯೋಚಿಸಿತು. ಅದು ಚಮಚಕೊಕ್ಕಿನ ಹಕ್ಕಿಗಳು ಗೂಡುಕಟ್ಟುವ ತಾಣ. ಯಾಕ್ ಥೈಸೆ ಎಂಬ ಶಾಲಾಶಿಕ್ಷಕ ಅದನ್ನು ವಿರೋಧಿಸಿ ಬರೆದನು. ನಗರಸಭೆ ಯೋಜನೆಯನ್ನು ತಿರಸ್ಕರಿಸಿತು; 1905ರಲ್ಲಿ ಸ್ಥಾಪಿತವಾದ ನಿಸರ್ಗಸಂರಕ್ಷಣಾ ಸಂಘವು ಮರುವರ್ಷ ಸರೋವರವನ್ನೇ ಕೊಂಡಿತು. ಕಸ ಸುರಿಯುವ ಹಳ್ಳವೆಂದು ಕಂಡದ್ದನ್ನು ಮನೆಯೆಂದು ಕಾಣಲು ಜನಕ್ಕೆ ಎರಡನೆಯ ನೋಟವೊಂದು ಬೇಕಾಗಿತ್ತು.

ಅದೇ ಜಾತಿಯ ಚಮಚಕೊಕ್ಕುಗಳು ನಮ್ಮ ರಂಗನತಿಟ್ಟಿನಲ್ಲೂ ಗೂಡು ಕಟ್ಟುತ್ತವೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನವು ಅದನ್ನು ಪಕ್ಷಿಧಾಮವಾಗಿಸಿತು. ಅಲ್ಲಿ ದೋಣಿಯಲ್ಲಿ ಕುಳಿತಾಗಲೆಲ್ಲ ನಾನು ಒಂದು ಕಣ್ಣು ಮುಚ್ಚಿ, ಮತ್ತೆ ತೆರೆದು ನೋಡುತ್ತೇನೆ. ಕೊಂಬೆಗಳು ದೂರ ಸರಿಯುತ್ತವೆ, ಗೂಡು ಆಳವಾಗುತ್ತದೆ. ಇನ್ನೂ ಹತ್ತಿರ ಹೋಗೋಣವೆಂದು ಅಂಬಿಗನಿಗೆ ಹೇಳಲು ಆಗ ಮನಸ್ಸು ಬರುವುದಿಲ್ಲ.