ದೀಪಾವಳಿಗೆ ಬರುವ ನೆಂಟರು: ದಕ್ಷಿಣ ಬೆಂಗಳೂರಿನ ಶ್ರಾವಕರ ಮನೆಯಲ್ಲಿ ಆಗಬೇಕಾದ ಸಿದ್ಧತೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಭಾಗದ ಕನ್ನಡ ಜೈನ ಕುಟುಂಬಗಳಲ್ಲಿ ಅನೇಕರ ಬೇರು ಹಾಸನ, ತುಮಕೂರು, ಬೆಳಗಾವಿ, ಮೂಡುಬಿದಿರೆ, ಕಾರ್ಕಳದ ಕಡೆಗಿದೆ. ದೀಪಾವಳಿ ರಜೆ ಬಂತೆಂದರೆ ಊರಿನಿಂದ ಅಜ್ಜಿ, ದೊಡ್ಡಪ್ಪ, ಅತ್ತೆಯವರು ಬರುತ್ತಾರೆ. ಆ ವರ್ಷ ಮದುವೆಯಾದ ಮಗಳಿದ್ದರೆ ಅಳಿಯನೂ ಬರುತ್ತಾನೆ. ಹಾಸಿಗೆ, ಹೊದಿಕೆ, ಸಿಹಿತಿಂಡಿಗಳನ್ನು ಎಲ್ಲರೂ ಹೊಂದಿಸಿಕೊಳ್ಳುತ್ತಾರೆ. ಎಡವುವುದು ಬೇರೆ ಕಡೆ. ಬಂದ ಹಿರಿಯರಲ್ಲಿ ಯಾರಿಗೆ ಯಾವ ನಿಯಮವಿದೆ ಎಂದು ಮೊದಲೇ ಕೇಳಿಟ್ಟುಕೊಳ್ಳದ ಮನೆಯಲ್ಲಿ, ರಾತ್ರಿ ಎಂಟಕ್ಕೆ ತಟ್ಟೆ ಹಾಕಿದಾಗ ಅವರು "ಹಸಿವಿಲ್ಲಮ್ಮ, ನೀವು ಊಟ ಮಾಡಿ" ಎಂದು ಸುಮ್ಮನೆ ಎದ್ದು ಹೋಗುತ್ತಾರೆ. ಮಗ, ಸೊಸೆಗೆ ತೊಂದರೆಯಾಗಬಾರದೆಂದು ಅವರು ಬಾಯಿಬಿಡುವುದಿಲ್ಲ. ಮೂರು ದಿನದ ಹಬ್ಬದಲ್ಲಿ ಮೂರು ಸಂಜೆಯೂ ಹೀಗೆಯೇ ಆಗುವುದುಂಟು.

ಆದ್ದರಿಂದ ಮೊದಲ ಸಿದ್ಧತೆ ಫೋನಿನಲ್ಲೇ ಆಗಬೇಕು. "ನಿಮಗೆ ಏನಾದರೂ ನಿಯಮ ಇದೆಯೇ?" ಎಂದು ಕೇಳಿದರೆ "ಏನೂ ಇಲ್ಲ, ನಡೆಯುತ್ತೆ" ಎಂಬ ಉತ್ತರವೇ ಬರುತ್ತದೆ. ಬಿಡಿಬಿಡಿಯಾಗಿ ಕೇಳುವುದು ಒಳ್ಳೆಯದು: ಸಂಜೆ ಎಷ್ಟು ಗಂಟೆಗೆ ಮುಗಿಸುತ್ತೀರಿ, ಆಮೇಲೆ ನೀರು ಕುಡಿಯುತ್ತೀರೋ ಇಲ್ಲವೋ, ನಲ್ಲಿ ನೀರು ಆಗುತ್ತದೆಯೇ, ಪ್ಯಾಕೆಟ್ ಹಾಲು ನಡೆಯುತ್ತದೆಯೇ, ಚತುರ್ದಶಿಗೆ ಹಸಿರು ತರಕಾರಿ ಬಿಡುತ್ತೀರಾ, ಯಾವ ರಸವನ್ನಾದರೂ ತ್ಯಾಗ ಮಾಡಿದ್ದೀರಾ. ಹೀಗೆ ಕೇಳಿದರೆ ಸಂಕೋಚಪಡುವವರೂ ಹೇಳುತ್ತಾರೆ. ಒಂದೇ ಮನೆಯ ಇಬ್ಬರಿಗೂ ನಿಯಮ ಒಂದೇ ಇರಬೇಕೆಂದಿಲ್ಲ.

ಸಂಜೆಯ ಊಟ

ದೀಪಾವಳಿ ಬರುವ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಬೆಂಗಳೂರಿನಲ್ಲಿ ಸೂರ್ಯಾಸ್ತ ಸುಮಾರು 5:50ರಿಂದ 6:05ರ ಒಳಗೆ ಆಗುತ್ತದೆ. ಬೇಸಿಗೆಗೆ ಹೋಲಿಸಿದರೆ ಮುಕ್ಕಾಲು ಗಂಟೆಯಷ್ಟು ಬೇಗ. ಕಟ್ಟುನಿಟ್ಟಾಗಿ ನಡೆಯುವವರು ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುತ್ತಾರೆ. ಅಂಥವರಿಗೆ ಐದು ಗಂಟೆಗೂ ಮೊದಲೇ ಎಲೆಯ ಮುಂದೆ ಅನ್ನ ಇರಬೇಕು. ಕಚೇರಿಯಿಂದ ಏಳಕ್ಕೆ ಮನೆ ಸೇರುವ ಮಗನಿಗಾಗಲಿ ಸೊಸೆಗಾಗಲಿ ಇದು ಆಗದ ಮಾತು.

ಹಬ್ಬದಲ್ಲಿ ರಜೆ ಇರುತ್ತದಲ್ಲ ಎನ್ನಬಹುದು. ಕರ್ನಾಟಕ ಸರ್ಕಾರದ ಪಟ್ಟಿಯಲ್ಲಿ ದೀಪಾವಳಿಯ ಸಾರ್ವತ್ರಿಕ ರಜೆ ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ಇರುತ್ತದೆ. ಜೈನರಿಗೆ ಮುಖ್ಯವಾದದ್ದು ಇವೆರಡೂ ಅಲ್ಲ. ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ಮೋಕ್ಷ ಪಡೆದ ಅಮಾವಾಸ್ಯೆಯ ಮುಂಜಾವು. 2025ರಲ್ಲಿ ರಜೆ ಇದ್ದದ್ದು ಅಕ್ಟೋಬರ್ 20 ಮತ್ತು 22ಕ್ಕೆ, ಅಮಾವಾಸ್ಯೆಯ ಮುಂಜಾವು ಬಂದದ್ದು ನಡುವಿನ 21ರ ಮಂಗಳವಾರ. ಇಂಥ ವರ್ಷಗಳಲ್ಲಿ ನಿರ್ವಾಣದ ದಿನಕ್ಕೆ ತಿಂಗಳ ಮೊದಲೇ ರಜೆ ಕೇಳಿಟ್ಟುಕೊಳ್ಳುವುದು ಜಾಣತನ.

ಬೆಳಿಗ್ಗೆಯೇ ಅಡುಗೆ ಮಾಡಿ ಮುಚ್ಚಿಟ್ಟು ಹೋದರಾಯಿತು ಎಂಬ ಉಪಾಯವೂ ಎಲ್ಲರಿಗೆ ಒಗ್ಗದು. ದಿಗಂಬರ ಸಂಪ್ರದಾಯದ ಆಹಾರ ಮರ್ಯಾದೆಯ ಪ್ರಕಾರ ಅನ್ನ, ಬೇಳೆ, ಸಾರಿಗೆ ಎರಡು ಪ್ರಹರ, ಅಂದರೆ ಆರು ಗಂಟೆ ಮಾತ್ರ ಅವಧಿ. ಬೆಳಿಗ್ಗೆ ಏಳರ ಅನ್ನ ಮಧ್ಯಾಹ್ನ ಒಂದಕ್ಕೆ ಮುಗಿಯಿತು. ಫ್ರಿಜ್ಜಿನಲ್ಲಿಟ್ಟರೂ ಲೆಕ್ಕ ಬದಲಾಗುವುದಿಲ್ಲ.

ಇದಕ್ಕೆ ಸುಲಭದ ದಾರಿ ಬಂದವರಿಗೆ ಅಡುಗೆಮನೆಯನ್ನೇ ಬಿಟ್ಟುಕೊಡುವುದು. ನಿಯಮದವರಲ್ಲಿ ಬಹುತೇಕರು ತಮ್ಮ ಅಡುಗೆ ತಾವೇ ಮಾಡಿಕೊಳ್ಳಲು ಇಷ್ಟಪಡುತ್ತಾರೆ, ಕೇಳಲು ಮಾತ್ರ ಹಿಂಜರಿಯುತ್ತಾರೆ. ಒಲೆಯ ಒಂದು ಬರ್ನರ್, ಬೇರೆಯೇ ತೊಳೆದಿಟ್ಟ ನಾಲ್ಕು ಸ್ಟೀಲ್ ಪಾತ್ರೆ, ಒಂದು ಕಪಾಟು, ಅಕ್ಕಿ ಬೇಳೆಯ ಡಬ್ಬಿಗಳು, ಇಷ್ಟು ತೋರಿಸಿಕೊಟ್ಟರೆ ಸಾಕು. ಲೈಟರ್ ಹೇಗೆ ಒತ್ತಬೇಕು, ಗ್ಯಾಸ್ ಎಲ್ಲಿ ಬಂದ್ ಮಾಡಬೇಕು ಎಂಬುದನ್ನೂ ಬಂದ ದಿನವೇ ತೋರಿಸಬೇಕು. ಅಡುಗೆಗೆ ಸಹಾಯಕರು ಬರುವ ಮನೆಯಲ್ಲಿ ಆ ಒಂದು ವಾರದ ಮಟ್ಟಿಗೆ ಅವರ ಕೆಲಸ ಮಧ್ಯಾಹ್ನಕ್ಕೆ ಮುಗಿಯುವಂತೆ ಮಾತಾಡಿಕೊಂಡರೆ ಇಬ್ಬರಿಗೂ ಇಕ್ಕಟ್ಟಾಗದು.

ಇನ್ನೊಂದು ಮುಖ್ಯ ವಿಷಯವಿದೆ. ಸಂಜೆ ಐದಕ್ಕೆ ಊಟ ಮುಗಿಸಿದವರು ಮತ್ತೆ ಬಾಯಿಗೆ ಏನಾದರೂ ಹಾಕುವುದು ಮರುದಿನ ಸೂರ್ಯೋದಯದ ನಂತರ. ಎರಡು ಘಳಿಗೆ ಕಳೆದ ಮೇಲೆಯೇ ಎನ್ನುವವರಿಗೆ ಅದು ಏಳು ಗಂಟೆ. ನಡುವೆ 14 ಗಂಟೆ ಕಳೆಯುತ್ತದೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಬರುವುದಾದರೆ, ಹೊರಡುವ ಮೊದಲೇ ತಮ್ಮ ವೈದ್ಯರೊಂದಿಗೆ ಇದನ್ನು ಮಾತಾಡಿಕೊಂಡು ಬರುವಂತೆ ಹೇಳಬೇಕು. ರಾತ್ರಿ ನೀರು, ಔಷಧಿಗೆ ಅವಕಾಶ ಇಟ್ಟುಕೊಂಡು ನಿಯಮ ತೆಗೆದುಕೊಂಡವರಿದ್ದಾರೆ. ನಾಲ್ಕು ಬಗೆಯ ಆಹಾರವನ್ನೂ ಬಿಟ್ಟವರಿದ್ದಾರೆ. ಯಾರದು ಯಾವುದು ಎಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲೇಬೇಕು. ನಡುರಾತ್ರಿ ಕೈಕಾಲು ನಡುಗಿ ಬೆವರಿದಾಗ ಕೇಳುವ ಪ್ರಶ್ನೆ ಅದಲ್ಲ.

ನೀರು

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಬರುತ್ತದೆ. ಬಹಳ ಬಡಾವಣೆಗಳಲ್ಲಿ ಅದು ದಿನ ಬಿಟ್ಟು ದಿನ. ಸಂಪಿಗೆ ಬಿದ್ದು, ಮೇಲಿನ ಟ್ಯಾಂಕಿಗೆ ಏರಿ, ನಲ್ಲಿಗೆ ಇಳಿಯುತ್ತದೆ. ಆದ್ದರಿಂದ ಹಬ್ಬದ ಹಿಂದಿನ ವಾರ ಸಂಪು ಮತ್ತು ಟ್ಯಾಂಕನ್ನು ತೊಳೆಸುವುದು ಗೋಡೆಗೆ ಬಣ್ಣ ಹೊಡೆಸುವುದಕ್ಕಿಂತ ಅವಶ್ಯ. ಯಂತ್ರದಲ್ಲಿ ಶುದ್ಧವಾದ ನೀರು ಇದ್ದರೂ ನಿಯಮದವರಿಗೆ ಸೋಸಿದ ನೀರೇ ಬೇಕು. ದಪ್ಪ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೊಸದಾಗಿ ಒಂದೆರಡು ಸೋಸುಬಟ್ಟೆ ಹೊಲಿಸಿಡಬಹುದು.

ಸೋಸಿದ ನೀರಿನ ಅವಧಿ 48 ನಿಮಿಷ. ಲವಂಗ ಮುಂತಾದವನ್ನು ಹಾಕಿ ಪ್ರಾಸುಕ ಮಾಡಿದ್ದಕ್ಕೆ 6 ಗಂಟೆ, ಚೆನ್ನಾಗಿ ಕುದಿಸಿದ್ದಕ್ಕೆ 24 ಗಂಟೆ. ಇದು ದಿಗಂಬರ ಪದ್ಧತಿ. ಶ್ವೇತಾಂಬರರಲ್ಲಿ ಕುದಿಸಿದ ನೀರಿನ ಅವಧಿ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ಆ ಸಂಪ್ರದಾಯದ ಸ್ನೇಹಿತರು ಬಂದರೆ ಅವರನ್ನೇ ಕೇಳಬೇಕು. ಬೆಳಿಗ್ಗೆ ಒಂದು ದೊಡ್ಡ ಪಾತ್ರೆ ಕುದಿಸಿ, ಕುದಿಸಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟರೆ ಪ್ರತಿಯೊಬ್ಬರೂ ಬಂದು ವಿಚಾರಿಸುವ ಗೋಜು ತಪ್ಪುತ್ತದೆ. ಬಾವಿ ನೀರನ್ನಷ್ಟೇ ಬಳಸುವ ವ್ರತಿಗಳು ಬರುವುದಾದರೆ ಬಾವಿ ಇರುವ ಬಸದಿಯಲ್ಲಿ ಮೊದಲೇ ವಿಚಾರಿಸಿ, ತರಲು ಒಂದು ಕೊಡ ಎತ್ತಿಡಬೇಕು.

ತಿಂಡಿ, ಸಾಮಾನು

ಬೆಂಗಳೂರಿನ ಮನೆಗಳಲ್ಲಿ ನೆಂಟರೆಂದರೆ ಇಡ್ಲಿ ಹಿಟ್ಟು. ರಾತ್ರಿ ರುಬ್ಬಿ ಹುಳಿ ಬರಿಸಿದ ಹಿಟ್ಟು, ಅದರಲ್ಲೂ ಅಂಗಡಿಯ ಹಿಟ್ಟು, ನಿಯಮದವರಿಗೆ ಆಗುವುದಿಲ್ಲ. ಅಕ್ಕಿ ರೊಟ್ಟಿ, ಅಕ್ಕಿ ತರಿ ಉಪ್ಪಿಟ್ಟು, ಬೆಳಿಗ್ಗೆ ನೆನೆಸಿ ಅಂದೇ ರುಬ್ಬಿದ ನೀರುದೋಸೆ, ಅವಲಕ್ಕಿ ಇವು ತೊಂದರೆಯಿಲ್ಲದ ತಿಂಡಿಗಳು. ಹಿಟ್ಟಿಗೂ ಮರ್ಯಾದೆ ಉಂಟು: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಎಂದೋ ಬೀಸಿ ಪ್ಯಾಕೆಟ್ಟು ಮಾಡಿದ ಗೋಧಿ ಹಿಟ್ಟಿನ ಬದಲು ಗೋಧಿ ಆರಿಸಿ, ಬಡಾವಣೆಯ ಹಿಟ್ಟಿನ ಗಿರಣಿಯಲ್ಲಿ ಎರಡು ಕೆ.ಜಿ. ಬೀಸಿಸಿ ತಂದರೆ ವಾರಕ್ಕೆ ಸಾಕು.

ಗೆಡ್ಡೆಗೆಣಸು ಬಿಡುವುದು ಎಲ್ಲರಿಗೂ ಗೊತ್ತು. ಹಸಿ ಶುಂಠಿ ಮರೆತುಹೋಗುತ್ತದೆ. ಚಹಾಕ್ಕೂ ಸಾರಿಗೂ ಒಣಶುಂಠಿ ಪುಡಿ ಇಟ್ಟುಕೊಳ್ಳಬೇಕು. ಆಲೂಗಡ್ಡೆ ಬೀಳುವ ಕಡೆಯೆಲ್ಲ ಬಾಳೆಕಾಯಿ ಬೀಳಬಹುದು. ಕನ್ನಡದವರ ಅಡುಗೆಯಲ್ಲಿ ಕಣ್ಣು ತಪ್ಪುವ ಇನ್ನೊಂದು ಜಾಗ ಮಜ್ಜಿಗೆ ಹುಳಿ. ನೆನೆಸಿದ ಕಡಲೆಬೇಳೆ ರುಬ್ಬಿ ಮಜ್ಜಿಗೆಗೆ ಸೇರಿಸಿದರೆ ದ್ವಿದಳ ದೋಷ ಪಾಲಿಸುವವರು ಮುಟ್ಟುವುದಿಲ್ಲ. ಮೊಸರು ವಡೆಯದೂ ಅದೇ ಕಥೆ. ಮಜ್ಜಿಗೆ ಹುಳಿಗೆ ಕಡಲೆಬೇಳೆಯ ಬದಲು ಅಕ್ಕಿಯನ್ನು ತೆಂಗಿನಕಾಯಿಯೊಂದಿಗೆ ರುಬ್ಬಿ ಹಾಕಿದರೆ ರುಚಿಯೂ ಕೆಡದು.

ದೀಪಾವಳಿಗೆ ಕಚೇರಿಯಿಂದ ಬರುವ ಒಣಹಣ್ಣಿನ ಡಬ್ಬಿಯನ್ನು ತೆರೆದು ನೋಡದೆ ಹಾಗೇ ನೆಂಟರ ಮುಂದೆ ಇಡಬಾರದು. ಅದರಲ್ಲಿ ಅಂಜೂರ ಇದ್ದೇ ಇರುತ್ತದೆ. ಅದು ಶ್ರಾವಕರು ಬಿಡುವ ಪಂಚ ಉದುಂಬರಗಳ ಸಾಲಿಗೆ ಸೇರಿದ್ದು. ಜೇನು ಹಾಕಿದ ಸಿಹಿಗಳೂ ಇರುತ್ತವೆ. ಹೋಟೆಲಿನ "ಜೈನ್ ಊಟ"ದ ಮೇಲೂ ಹೆಚ್ಚು ಭಾರ ಹಾಕುವಂತಿಲ್ಲ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇರುವುದಿಲ್ಲ ಅಷ್ಟೇ. ನೀರು, ಹಿಟ್ಟು, ಹೊತ್ತಿನ ಮಾತು ಅಲ್ಲಿ ಬರುವುದೇ ಇಲ್ಲ.

ಮಲಗುವ ಕೋಣೆ, ದೀಪ, ಪಟಾಕಿ

ಹಬ್ಬದ ಮೊದಲು ಅಪಾರ್ಟ್‌ಮೆಂಟ್‌ಗಳಲ್ಲಿ ಕೀಟನಾಶಕ ಹೊಡೆಸುವ ರೂಢಿ ಇದೆ. ತಮ್ಮ ಮನೆಗೆ ಬೇಡವೆಂದು ಸಂಘಕ್ಕೆ ಮುಂಚೆಯೇ ತಿಳಿಸಬಹುದು. ಸಿಂಕ್ ಒಣಗಿಸಿಡುವುದು, ರಾತ್ರಿ ಎಂಜಲು ಪಾತ್ರೆ ಉಳಿಸದಿರುವುದು, ಗೋಡೆಯ ಬಿರುಕು ಮುಚ್ಚಿಸುವುದು, ಇಷ್ಟು ಮಾಡಿದರೆ ಜಿರಲೆ ತಾನಾಗಿ ಕಡಿಮೆಯಾಗುತ್ತದೆ. ಸೊಳ್ಳೆಗೆ ಬತ್ತಿ, ದ್ರವಗಳ ಬದಲು ಪರದೆ ಸಾಕು.

ಹಣತೆ ಹಚ್ಚುವುದು ಹಬ್ಬದ ಶೋಭೆ, ಆದರೆ ಮಳೆ ಬಿಟ್ಟ ಮೇಲಿನ ದಿನಗಳಲ್ಲಿ ಬೆಳಕಿಗೆ ಹುಳುಗಳು ಮುತ್ತುತ್ತವೆ. ಗಾಜಿನ ಬುರುಡೆಯೊಳಗೆ ದೀಪವಿಟ್ಟರೆ ಹಬ್ಬವೂ ಆಯಿತು, ಜೀವದಯೆಯೂ ಆಯಿತು.

ಸಂಜೆ ಸಾಮಾಯಿಕ, ಪ್ರತಿಕ್ರಮಣಕ್ಕೆ ಕೂರುವವರಿಗೆ ರಸ್ತೆಯ ಕಡೆಯ ಕೋಣೆ ಬೇಡ. ಹಸಿರು ಪಟಾಕಿಗೆ ರಾತ್ರಿ 8ರಿಂದ 10ರ ಗಡುವು ಇದ್ದರೂ ಬೀದಿಯಲ್ಲಿ ಸದ್ದು ಕತ್ತಲಾಗುವ ಮೊದಲೇ ಶುರುವಾಗುತ್ತದೆ. ಹಿಂಬದಿಯ ಕೋಣೆಯಲ್ಲಿ ಒಂದು ಮಣೆ, ಚಾಪೆ, ಗೋಡೆ ಗಡಿಯಾರ ಇಟ್ಟರೆ ಸಾಕು. ಮನೆಯ ಮಕ್ಕಳಿಗೂ ಒಂದು ಮಾತು ಹೇಳಿಡಬೇಕು. "ಅಜ್ಜಿ ಯಾಕೆ ಪಿಜ್ಜಾ ತಿನ್ನಲ್ಲ" ಎಂದು ಒಂಬತ್ತು ಗಂಟೆಗೆ ಎಲ್ಲರೆದುರು ಕೇಳುವ ಬದಲು ಹಗಲಿನಲ್ಲಿ ಅಜ್ಜಿಯ ಹತ್ತಿರವೇ ಕುಳಿತು ಕೇಳಿದರೆ ಅವರೂ ಖುಷಿಯಿಂದ ಹೇಳುತ್ತಾರೆ.

ಅಮಾವಾಸ್ಯೆಯ ಮುಂಜಾವು

ನಿರ್ವಾಣ ಲಾಡು ಅರ್ಪಣೆ ಬೆಳಗಿನ ಜಾವದಲ್ಲೇ ನಡೆಯುವುದರಿಂದ ಲಾಡನ್ನು ಹಿಂದಿನ ದಿನ ಹಗಲಿನಲ್ಲೇ ಕಟ್ಟಿ ಮುಗಿಸಬೇಕು. ಎರಡು ಬಚ್ಚಲಿನ ಮನೆಯಲ್ಲಿ ಎಂಟು ಜನ ಸ್ನಾನ ಮಾಡಿ ಮಡಿಯುಟ್ಟು ಹೊರಡಬೇಕಾದರೆ ಮೊದಲ ಸ್ನಾನ ನಾಲ್ಕಕ್ಕೇ ಆಗಬೇಕು. ಯಾರ ನಂತರ ಯಾರು ಎಂದು ಹಿಂದಿನ ರಾತ್ರಿಯೇ ಹೇಳಿಬಿಡುವುದು ಲೇಸು. ಬಸದಿಯಲ್ಲಿ ಪೂಜೆಯ ಹೊತ್ತು ಆಯಾ ವರ್ಷ ತುಸು ಬದಲಾಗುವುದರಿಂದ ಒಂದು ಫೋನ್ ಮಾಡಿ ಕೇಳುವುದು ವಾಸಿ. ಪಾಡ್ಯಮಿಯಿಂದ ವೀರನಿರ್ವಾಣ ಸಂವತ್ಸರ ಬದಲಾಗುತ್ತದೆ. 2025ರ ದೀಪಾವಳಿಯಿಂದ 2552. ಒಂದು ವಾರ ಹೆಚ್ಚು ಉಳಿಯುವವರಿಗೆ ಕಾರ್ತಿಕ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗಿನ ಅಷ್ಟಾಹ್ನಿಕವೂ ಸಿಗುತ್ತದೆ, ಆಗ ಉಪವಾಸ, ಏಕಾಶನದ ಲೆಕ್ಕ ಮತ್ತೆ ಹೊಸದು.

ಬರುವುದು, ಹೋಗುವುದು

ರಾತ್ರಿ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ಹಸಿರು ಮಾರ್ಗದ ಮೆಟ್ರೋ ಜಯನಗರ, ಬನಶಂಕರಿ, ಜೆ.ಪಿ. ನಗರಕ್ಕೆ ನೇರವಾಗಿ ಬರುತ್ತದೆ. ಬಿ.ಟಿ.ಎಂ. ಲೇಔಟ್‌ಗೆ ಆರ್.ವಿ. ರಸ್ತೆ ನಿಲ್ದಾಣದಲ್ಲಿ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಾಗಬೇಕು. ಹಿಂದಿನ ಸಂಜೆ ಊಟ ಮಾಡಿ ಬಸ್ ಹತ್ತಿದವರು ಅವರು. ಮನೆಗೆ ಬಂದೊಡನೆ ಕಾಫಿ ಬೇಕೇ ಎಂದು ಒತ್ತಾಯಿಸದೆ, ಏಳಕ್ಕೆ ಸೋಸಿದ ನೀರು, ತಿಂಡಿ ಸಿದ್ಧವಿದ್ದರೆ ಸರಿ. ಮರಳುವ ದಿನ ಸಂಜೆಯ ಬಸ್ಸಾದರೆ ನಾಲ್ಕು ಗಂಟೆಗೇ ಊಟ ಬಡಿಸಿಬಿಡಬೇಕು. ಹಬ್ಬದ ಸಂಜೆ ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ರಸ್ತೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಲಾಗದು. ದಾರಿಯಲ್ಲೇ ಹೊತ್ತು ಮುಳುಗಿದರೆ ಕಟ್ಟಿಕೊಟ್ಟ ಬುತ್ತಿ ಬಿಚ್ಚದೆಯೇ ಊರು ಸೇರುತ್ತದೆ.