ಸಲಿಂಗ ವಿವಾಹ ಮತ್ತು ಜನಾಭಿಪ್ರಾಯ: ತುಮಕೂರು ಸೀಮೆ ಹಾಗೂ ಕರ್ನಾಟಕ

ಒಂದೇ ಲಿಂಗದ ಇಬ್ಬರು ವಯಸ್ಕರು ಮದುವೆಯಾದರೆ ಕಾನೂನು ಅದನ್ನು ಒಪ್ಪಬೇಕೆ ಎಂಬ ಪ್ರಶ್ನೆಗೆ ಜನ ಕೊಡುತ್ತ ಬಂದ ಉತ್ತರಗಳ ಚರಿತ್ರೆ ಇದು. ಭಾರತದಲ್ಲಿ ಇಂಥ ಮದುವೆಗೆ ಮಾನ್ಯತೆ ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಮಾನ್ಯತೆ ಕೊಡಲು ನಿರಾಕರಿಸಿತು. ಆ ಮೊಕದ್ದಮೆಯಲ್ಲಿ ಕೇಂದ್ರ ಸರ್ಕಾರ ಈ ಬೇಡಿಕೆಯನ್ನು ಪಟ್ಟಣದ ಮೇಲ್ವರ್ಗದವರ ಅಭಿಪ್ರಾಯ ಎಂದು ಕರೆದಿತ್ತು. ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್ ದೂರದ ತುಮಕೂರು, ಅದರಾಚೆಯ ಗುಬ್ಬಿ, ಮಂಗಳೂರು ಹೆದ್ದಾರಿಯ ಮೇಲಿನ ಕುಣಿಗಲ್‌ನಂಥ ಊರುಗಳ ಪರವಾಗಿ, ಅಲ್ಲಿನವರನ್ನು ಕೇಳದೆಯೇ ಉತ್ತರ ಹೇಳಿದಂತಾಯಿತು ಅದು. ಈ ಸೀಮೆಯಿಂದ ನೋಡಿದರೆ ಚರಿತ್ರೆ ಅಷ್ಟು ಸರಳವಾಗಿ ಕಾಣುವುದಿಲ್ಲ.

ಮೊದಲು ಪದದ ಮಾತು. ಕನ್ನಡ ಪತ್ರಿಕೆಗಳು ಬಹುಕಾಲ ಬಳಸಿದ್ದು ‘ಸಲಿಂಗಕಾಮ’ ಎಂಬ ಪದ. ಗಂಡು ಹೆಣ್ಣಿನ ಸಂಬಂಧವಾದರೆ ಪ್ರೀತಿ, ದಾಂಪತ್ಯ, ಸಂಸಾರ ಎಂದೆಲ್ಲ ಕರೆಯುವ ಭಾಷೆಯೇ ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಸಂಬಂಧಕ್ಕೆ ಬಂದಾಗ ‘ಕಾಮ’ಕ್ಕೆ ನಿಂತುಬಿಟ್ಟಿತು. ಮನೆಯ ಹಿರಿಯರು ಪೇಪರ್ ಓದುವಾಗ ಪುಟ ತಿರುಗಿಸಿಬಿಡಲು ಈ ಒಂದು ಪದವೇ ಸಾಕಿತ್ತು. ‘ಲೈಂಗಿಕ ಅಲ್ಪಸಂಖ್ಯಾತರು’, ‘ಸಲಿಂಗ ಪ್ರೇಮ’, ‘ಸಲಿಂಗ ವಿವಾಹ’ ಎಂಬ ಮಾತುಗಳನ್ನು ಚಳವಳಿಯವರು ಚಲಾವಣೆಗೆ ತಂದ ಮೇಲೆಯೇ ಇದನ್ನು ನಾಲ್ಕು ಜನರ ಮುಂದೆ ಚರ್ಚಿಸುವುದು ಸಾಧ್ಯವಾಯಿತು.

ಯಾರು ಯಾರನ್ನು ಮದುವೆಯಾಗಬಹುದು ಎಂಬ ಜಗಳ ಮಾತ್ರ ಕನ್ನಡ ನಾಡಿಗೆ ಹೊಸದಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆ 12ನೆಯ ಶತಮಾನದ ಕಲ್ಯಾಣವನ್ನೇ ಅಲ್ಲಾಡಿಸಿತೆಂಬ ಕಥೆ ಶರಣ ಪರಂಪರೆಯ ಪ್ರತಿ ಮನೆಯಲ್ಲೂ ಇದೆ. ತುಮಕೂರು ಸೇರಿದ್ದ ಮೈಸೂರು ಸಂಸ್ಥಾನವು 1894ರಲ್ಲಿ ಬಾಲ್ಯವಿವಾಹ ತಡೆ ನಿಬಂಧನೆಯನ್ನು ತಂದು, ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅಪರಾಧವಾಗಿಸಿತು. ಇಂದು ಓದಿದರೆ ಎದೆ ನಡುಗುವಷ್ಟು ಚಿಕ್ಕ ವಯಸ್ಸು ಇದು. ಆ ಕಾಲದಲ್ಲಿ ಸಂಪ್ರದಾಯಸ್ಥರಿಗೆ ಇದೇ ಅತಿಯಾಗಿ ಕಂಡಿತ್ತು. 1933ರಲ್ಲಿ ಇದೇ ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಕಾಯ್ದೆ ಮಾಡಿತು. 1966ರಲ್ಲಿ ಕುವೆಂಪು ತಮ್ಮ ಮಗನಿಗೆ ಪುರೋಹಿತರಿಲ್ಲದೆ ಮಂತ್ರ ಮಾಂಗಲ್ಯದಲ್ಲಿ ಮದುವೆ ಮಾಡಿಸಿದರು. ಮದುವೆ ಎಂಬುದು ಅನಾದಿಯಿಂದ ಹೀಗೇ ಇದೆ ಎನ್ನುವ ವಾದ ಈ ನೆಲದಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.

ಲಿಂಗದ ಗಡಿ ದಾಟುವುದನ್ನು ಈ ಸೀಮೆ ಕಂಡಿಲ್ಲವೆಂದೂ ಅಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘದಲ್ಲಿ, ಆ ಕಾಲದ ಬಹುತೇಕ ಕಂಪನಿಗಳಂತೆ, ಗಂಡಸರೇ ಹೆಣ್ಣುಪಾತ್ರ ಕಟ್ಟುತ್ತಿದ್ದರು. ಮುಂದೆ ಗುಬ್ಬಿ ವೀರಣ್ಣನವರು ಬಿ. ಜಯಮ್ಮನಂಥ ನಟಿಯರನ್ನು ರಂಗಕ್ಕೆ ತಂದರು. ಮಳೆ ಕೈಕೊಟ್ಟ ವರ್ಷ ಹಳೆ ಮೈಸೂರು ಭಾಗದ ಹಳ್ಳಿಗಳಲ್ಲಿ ಇಬ್ಬರು ಗಂಡುಮಕ್ಕಳನ್ನು ಮದುಮಗ, ಮದುಮಗಳ ವೇಷದಲ್ಲಿ ಕೂರಿಸಿ ಮದುವೆ ಮಾಡುವ ಪದ್ಧತಿಯೂ ಇದೆ. 2023ರ ಬರದಲ್ಲಿ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲೂಕಿನಲ್ಲಿ ಅಂಥದೊಂದು ಮದುವೆ ನಡೆಯಿತು. ಆದರೆ ಇವನ್ನು ಸಲಿಂಗ ಪ್ರೇಮಕ್ಕೆ ಕೊಟ್ಟ ಒಪ್ಪಿಗೆ ಎಂದು ಓದುವುದು ತಪ್ಪಾಗುತ್ತದೆ. ರಂಗದ ಮೇಲೂ ಮಳೆಯ ಮದುವೆಯಲ್ಲೂ ಒಬ್ಬ ಹೆಣ್ಣಾಗಲೇಬೇಕು. ಜೋಡಿ ಮಾತ್ರ ಗಂಡು ಹೆಣ್ಣಿನದೇ. ವೇಷವನ್ನು ಒಪ್ಪಿದ ಜನ ವೇಷವಿಲ್ಲದೆ ಬಾಳುವ ಇಬ್ಬರನ್ನು ಒಪ್ಪಿಬಿಡುತ್ತಾರೆ ಎನ್ನಲಾಗದು.

ಇಲ್ಲಿನ ಅಭಿಪ್ರಾಯ ಅರ್ಥವಾಗಬೇಕಾದರೆ ಒಂದು ಲಗ್ನಪತ್ರಿಕೆಯನ್ನು ಬಿಡಿಸಿ ನೋಡಬೇಕು. ಮೇಲೆ ಮನೆದೇವರ ಹೆಸರು, ಕೆಳಗೆ ಒಂದು ಕಡೆ ‘ಚಿ. ರಾ.’, ಇನ್ನೊಂದು ಕಡೆ ‘ಚಿ. ಸೌ.’, ನಡುವೆ ಅಜ್ಜ ಅಜ್ಜಿಯರು, ಕೊನೆಗೆ ಸುಖಾಗಮನ ಬಯಸುವವರ ಉದ್ದ ಪಟ್ಟಿ. ಮದುವೆಯಾಗುವ ಇಬ್ಬರ ಹೆಸರಿಗಿಂತ ಮದುವೆ ಮಾಡಿಕೊಡುವವರ ಹೆಸರುಗಳೇ ಹೆಚ್ಚು. ಕಾನೂನು ಕೇಳುವುದು ಇಬ್ಬರ ಸಮ್ಮತಿ. ಪತ್ರಿಕೆ ಕೇಳುವುದು ಎರಡು ಮನೆತನಗಳ ಸಮ್ಮತಿ. ಆದ್ದರಿಂದಲೇ ಇಲ್ಲಿ ವಿರೋಧದ ಮಾತುಗಳು ಧರ್ಮಗ್ರಂಥದಿಂದ ಶುರುವಾಗುವುದು ಕಡಿಮೆ. ವಂಶ ಬೆಳೆಯುವುದು ಹೇಗೆ, ತಂಗಿಯ ಮದುವೆಗೆ ಅಡ್ಡಿಯಾಗುವುದಿಲ್ಲವೇ, ನಾಲ್ಕು ಜನ ಏನಂದಾರು ಎಂಬಲ್ಲಿಂದ ಅವು ಏಳುತ್ತವೆ. ಇನ್ನೊಂದು ನಿಲುವೂ ಕಿವಿಗೆ ಬೀಳುತ್ತದೆ: ಅವರ ಪಾಡಿಗೆ ಅವರಿರಲಿ, ಮದುವೆ ಅಂತ ಯಾಕೆ ಬೇಕು? ಇದು ದ್ವೇಷದ ಮಾತಲ್ಲ. ಜೈಲು ಬೇಡ ಅನ್ನುವುದಕ್ಕೂ ಚಪ್ಪರ ಹಾಕೋಣ ಅನ್ನುವುದಕ್ಕೂ ನಡುವಿನ ಜಾಗ ಅದು. ಬಹುಶಃ ಇಡೀ ಚರ್ಚೆ ಈಗ ನಿಂತಿರುವುದೂ ಅಲ್ಲೇ.

ಜೈಲಿನ ಭಯ ನಿಜವಾಗಿತ್ತು. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ 1860ರ ದಂಡಸಂಹಿತೆಯ 377ನೆಯ ಕಲಮು ಒಂದೂವರೆ ಶತಮಾನ ನೆತ್ತಿಯ ಮೇಲೆ ತೂಗುತ್ತಿತ್ತು. ಬೆಂಗಳೂರಿನಲ್ಲಿ 1994ರಲ್ಲಿ ‘ಗುಡ್ ಆ್ಯಸ್ ಯೂ’ ಎಂಬ ಬೆಂಬಲ ಗುಂಪು ಕೂಡತೊಡಗಿತು. 1999ರಲ್ಲಿ ‘ಸಂಗಮ’ ಸಂಸ್ಥೆ ಹುಟ್ಟಿ, ಇಂಗ್ಲಿಷ್ ಬಾರದ, ಕೆಳವರ್ಗದ, ಹಳ್ಳಿಗಳಿಂದ ಬಂದವರ ನಡುವೆ ಕೆಲಸ ಮಾಡಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001 ಮತ್ತು 2003ರಲ್ಲಿ ಪ್ರಕಟಿಸಿದ ವರದಿಗಳು ಪೊಲೀಸರ ಮತ್ತು ಮನೆಯವರ ಹಿಂಸೆಯನ್ನು ದಾಖಲಿಸಿದವು. ಅಂದಿನ ಬೇಡಿಕೆಯಲ್ಲಿ ಮದುವೆ ಮುಂದಿರಲಿಲ್ಲ. ಹೊಡೆಯಬೇಡಿ, ಹೊರಗೆ ಹಾಕಬೇಡಿ ಎನ್ನುವುದೇ ಮುಂದಿತ್ತು. 2008ರಲ್ಲಿ ಬೆಂಗಳೂರಿನ ಮೊದಲ ಹೆಮ್ಮೆಯ ನಡಿಗೆ ಬೀದಿಗಿಳಿಯಿತು.

2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಅಳಿಸಿಹಾಕಿತು. ಅದೇ 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಬಂತು. ಸಂಡೂರಿನ ಈ ಜನಪ್ರಿಯ ಲೇಖಕ ತಮ್ಮ ಲೈಂಗಿಕತೆಯ ಬಗ್ಗೆಯೂ ಮುಕ್ತವಾಗಿ ಮಾತಾಡಿದರು. ಅಮ್ಮನ ಕೈಗೆ, ಅಕ್ಕನ ಕೈಗೆ ಕೊಡಬಹುದಾದ ಕನ್ನಡದಲ್ಲಿ ಈ ವಿಷಯ ಸಿಕ್ಕಿದ್ದು ಆಗ. ಯಾವ ತೀರ್ಪಿಗಿಂತಲೂ ಈ ಪುಸ್ತಕ ತಾಲೂಕು ಮಟ್ಟದ ಓದುಗರನ್ನು ಹೆಚ್ಚು ಮುಟ್ಟಿತೆಂಬುದು ನನ್ನ ನಂಬಿಕೆ. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅದರ ಬಲದ ಮೇಲೆ 2018ರ ಸೆಪ್ಟೆಂಬರ್ 6ರಂದು ಸಮ್ಮತಿಯ ಸಂಬಂಧ ಅಪರಾಧದ ಪಟ್ಟಿಯಿಂದ ಹೊರಬಂತು.

ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ರಾಜ್ಯ ಸರ್ಕಾರ ಹೆಚ್ಚು ಬೇಗ ನಡೆಯಿತು. 2017ರ ಅಕ್ಟೋಬರಿನಲ್ಲಿ ರಾಜ್ಯ ನೀತಿಗೆ ಸಂಪುಟ ಒಪ್ಪಿದಾಗ ಕಾನೂನು ಸಚಿವರಾಗಿದ್ದವರು ತುಮಕೂರು ಜಿಲ್ಲೆಯ ಶಿರಾದ ಟಿ.ಬಿ. ಜಯಚಂದ್ರ. 2021ರ ಜುಲೈನಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1 ಮೀಸಲಾತಿ ಬಂತು. ಮಂಗಳಮುಖಿಯರನ್ನೂ ಜೋಗಪ್ಪಗಳನ್ನೂ ಜಾತ್ರೆಯಲ್ಲಿ ಕಂಡು ಬಲ್ಲ ಸಮಾಜಕ್ಕೆ ಅವರ ಹಕ್ಕು ಅರ್ಥವಾಗುವುದು ಸುಲಭ. ಪಕ್ಕದ ಮನೆಯ ಪ್ಯಾಂಟು ಶರ್ಟಿನ ಹುಡುಗ ಇನ್ನೊಬ್ಬ ಹುಡುಗನನ್ನು ಪ್ರೀತಿಸುವುದು ಕಣ್ಣಿಗೆ ಬೀಳುವುದೇ ಇಲ್ಲ.

ವಿರೋಧದ ಧ್ವನಿಗಳಲ್ಲೂ ಕನ್ನಡಿಗರಿದ್ದಾರೆ. ಶಿವಮೊಗ್ಗ ಜಿಲ್ಲೆಯ ಸೊರಬದ ದತ್ತಾತ್ರೇಯ ಹೊಸಬಾಳೆ 2016ರಲ್ಲಿ, ಆರೆಸ್ಸೆಸ್‌ನ ಪದಾಧಿಕಾರಿಯಾಗಿ, ಸಲಿಂಗ ಸಂಬಂಧಕ್ಕೆ ಶಿಕ್ಷೆ ಬೇಡ, ಮದುವೆ ಮಾತ್ರ ಕೂಡದು ಎಂಬ ಅರ್ಥದ ನಿಲುವು ತಳೆದರು. 2023ರ ಮಾರ್ಚ್‌ನಲ್ಲಿ ಸಂಘದ ಸರಕಾರ್ಯವಾಹ, ಅಂದರೆ ಪ್ರಧಾನ ಕಾರ್ಯದರ್ಶಿಯಾಗಿ, ಮದುವೆ ಗಂಡು ಹೆಣ್ಣಿನ ನಡುವೆಯೇ ಆಗಬೇಕೆಂದರು. 2020ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೊಡವ ಮೂಲದವರೊಬ್ಬರು ತಮ್ಮ ಗಂಡು ಸಂಗಾತಿಯನ್ನು ಕೊಡವ ಉಡುಪಿನಲ್ಲಿ ಮದುವೆಯಾದ ಚಿತ್ರಗಳು ಹರಡಿದಾಗ ಕೊಡಗಿನಲ್ಲಿ ಭಾರಿ ಆಕ್ಷೇಪ ಎದ್ದಿತು. ಆಕ್ಷೇಪದ ಒತ್ತು ಇದ್ದದ್ದು ಉಡುಪು ಮತ್ತು ಸಂಪ್ರದಾಯದ ಮೇಲೆ. ದೂರದ ದೇಶದ ಕಾನೂನು ಒಪ್ಪಿದರೂ ಕುಲದ ಗುರುತು ಒಪ್ಪುವುದು ಬೇರೆಯೇ ಮಾತೆಂದು ಆ ಪ್ರಸಂಗ ತೋರಿಸಿತು.

2023ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ವಿಚಾರಣೆ ಶುರುವಾಯಿತು. ಅರ್ಜಿದಾರರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಒಬ್ಬರು. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ, ರಾಜ್ಯೋತ್ಸವ ಪ್ರಶಸ್ತಿ ಪಡೆದ ಈ ಹೋರಾಟಗಾರ್ತಿ ಅದಕ್ಕೂ ಮೊದಲೇ ತಮ್ಮ ಮದುವೆಯನ್ನು ನೋಂದಾಯಿಸಿಕೊಂಡಿದ್ದರು. ಏಪ್ರಿಲ್ 23ರಂದು ಭಾರತೀಯ ವಕೀಲರ ಪರಿಷತ್ತು, ದೇಶದ ಶೇ. 99.9ಕ್ಕಿಂತ ಹೆಚ್ಚು ಜನ ಇದಕ್ಕೆ ವಿರುದ್ಧವಾಗಿದ್ದಾರೆಂದು ನಿರ್ಣಯ ಹೊರಡಿಸಿತು. ಅದೇ ತಿಂಗಳು ಲೈಂಗಿಕ ಅಲ್ಪಸಂಖ್ಯಾತ ಮಕ್ಕಳ ನಾನ್ನೂರಕ್ಕೂ ಹೆಚ್ಚು ತಂದೆತಾಯಿಗಳು, ನಮ್ಮ ಮಕ್ಕಳ ಮದುವೆಯನ್ನು ಕಣ್ಣಾರೆ ನೋಡಬೇಕು ಎಂದು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಕೇಂದ್ರವು ರಾಜ್ಯಗಳ ಅಭಿಪ್ರಾಯ ಕೇಳಿತ್ತು. ಏಳು ರಾಜ್ಯಗಳು ಉತ್ತರಿಸಿವೆಯೆಂದು ಮೇ 10ರಂದು ನ್ಯಾಯಾಲಯಕ್ಕೆ ತಿಳಿಸಲಾಯಿತು. ಆ ಏಳರಲ್ಲಿ ಕರ್ನಾಟಕ ಇರಲಿಲ್ಲ. ಅದೇ ಮೇ 10ರಂದು ತುಮಕೂರು, ಗುಬ್ಬಿ, ಕುಣಿಗಲ್ ಸೇರಿ ಇಡೀ ರಾಜ್ಯ ವಿಧಾನಸಭೆಗೆ ಮತ ಹಾಕಲು ಸಾಲಿನಲ್ಲಿ ನಿಂತಿತ್ತು.

ಅಕ್ಟೋಬರ್ 17ರ ತೀರ್ಪಿನಲ್ಲಿ, ಮದುವೆಯಾಗುವುದು ಸಂವಿಧಾನದತ್ತ ಮೂಲಭೂತ ಹಕ್ಕಲ್ಲ ಎಂಬಲ್ಲಿ ಐವರೂ ಒಂದಾದರು. ಸಂಗಾತಿಗಳಾಗಿ ಕೂಡಿಬಾಳುವ ಸಂಬಂಧಕ್ಕೆ ಸರ್ಕಾರ ಮನ್ನಣೆ ಕೊಡಬೇಕೇ ಎಂಬಲ್ಲಿ 3–2ರ ಭಿನ್ನಮತ ಬಂತು; ಮೂವರು ಇಲ್ಲವೆಂದರು. ಬಹುಮತದ ಮುಖ್ಯ ತೀರ್ಪು ಬರೆದವರು ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್. ಅಲ್ಪಮತದಲ್ಲಿದ್ದ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಈ ಪ್ರೀತಿ ಪಟ್ಟಣದ್ದೂ ಅಲ್ಲ, ಮೇಲ್ವರ್ಗದ್ದೂ ಅಲ್ಲ ಎಂದು ಸ್ಪಷ್ಟವಾಗಿ ಬರೆದರು. ಗುಬ್ಬಿ, ಕುಣಿಗಲ್‌ನಲ್ಲಿ ಬಾಯಿಬಿಡದೆ ಬಾಳುತ್ತಿರುವವರ ಪರವಾಗಿ ಆ ಮೊಕದ್ದಮೆಯಲ್ಲಿ ಬಂದ ಅತ್ಯಂತ ನ್ಯಾಯದ ಮಾತು ಅದೇ. ತೃತೀಯಲಿಂಗಿಗಳು ಗಂಡು ಹೆಣ್ಣಿನ ಜೋಡಿಯಾಗಿ ಮದುವೆಯಾಗಲು ಈಗಿನ ಕಾನೂನಿನಲ್ಲೇ ಅವಕಾಶವಿದೆ ಎಂದೂ ಪೀಠ ಹೇಳಿತು.

ಅದೇ 2023ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತೀಯರ ಶೇ. 53ರಷ್ಟು ಜನ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಲಿ ಎಂದರು, ಶೇ. 43ರಷ್ಟು ಬೇಡವೆಂದರು. ಇದು ಇಡೀ ದೇಶದ ಅಂಕಿ. ಒಂದು ಜಿಲ್ಲೆಗೆ ಹಾಗೆಯೇ ಅಂಟಿಸಲು ಬರುವುದಿಲ್ಲ. ಆದರೆ ಶೇ. 99.9 ಎಂಬ ಮಾತಿಗೆ ಬುಡವಿಲ್ಲವೆಂದು ತಿಳಿಯಲು ಇಷ್ಟು ಸಾಕು. 2023ರ ನವೆಂಬರ್‌ನಲ್ಲಿ ನೇಪಾಳ ಒಂದು ಸಲಿಂಗ ಜೋಡಿಯ ಮದುವೆಯನ್ನು ನೋಂದಾಯಿಸಿತು; 2025ರ ಜನವರಿಯಲ್ಲಿ ಥಾಯ್ಲೆಂಡಿನ ಸಲಿಂಗ ವಿವಾಹದ ಕಾಯ್ದೆ ಜಾರಿಗೆ ಬಂತು.

ಮದುವೆ ಎಂಬ ಕಾಗದ ಇಲ್ಲದಿದ್ದರೆ ಏನು ನಷ್ಟ ಎನ್ನುವವರು ತಾಲೂಕು ಕಚೇರಿಯ ಕಿಟಕಿಯ ಮುಂದೆ ಒಮ್ಮೆ ನಿಲ್ಲಬೇಕು. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರ ಹೆಸರು ವಂಶವೃಕ್ಷದಲ್ಲಿ ಬರುವುದಿಲ್ಲ. ಉಯಿಲು ಬರೆದಿಡದಿದ್ದರೆ ಪೌತಿ ಖಾತೆ ರಕ್ತಸಂಬಂಧಿಗಳ ಹೆಸರಿಗೆ ಹೋಗುತ್ತದೆ. 2024ರಲ್ಲಿ ಕೇಂದ್ರವು ಇಂಥ ಸಂಗಾತಿಗಳನ್ನು ಪಡಿತರ ಚೀಟಿಯ ಮಟ್ಟಿಗೆ ಒಂದೇ ಮನೆಯವರೆಂದು ಪರಿಗಣಿಸಲು ಸೂಚಿಸಿತು; ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು. ಅಕ್ಕಿ ಒಟ್ಟಿಗೆ ಪಡೆಯಬಹುದು, ಉಯಿಲಿಲ್ಲದೆ ಹೊಲ ಒಬ್ಬರಿಂದ ಒಬ್ಬರಿಗೆ ಬರದು.

ತೀರ್ಪಿನ ಮರುಪರಿಶೀಲನಾ ಅರ್ಜಿಗಳು 2025ರ ಜನವರಿ 9ರಂದು ವಜಾಗೊಂಡವು. ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ನಡೆಯುವ ನೋಂದಣಿ ಮದುವೆಗೆ ಆಧಾರವಾದ 1954ರ ವಿಶೇಷ ವಿವಾಹ ಕಾಯ್ದೆಯ 4ನೆಯ ಕಲಮು, ಯಾವುದೇ ಇಬ್ಬರು ವ್ಯಕ್ತಿಗಳ ನಡುವಿನ ಮದುವೆ ಎಂದೇ ಹೇಳುತ್ತದೆ. ಕೆಳಗಿನ ಉಪಕಲಮಿನಲ್ಲಿ ಗಂಡಿಗೆ 21, ಹೆಣ್ಣಿಗೆ 18 ವರ್ಷ ತುಂಬಿರಬೇಕು ಎಂದಿದೆ.