ಡ್ರಮ್ಮಿನೊಳಗಿನ ಧೂಳು

ಇಲ್ಲಿ ಏನೂ ಬರೆಯದೆ ತುಂಬಾ ದಿನವಾಯ್ತು. ಆಫೀಸಿನ ಕೆಲಸ, ಕವೆಂಟ್ರಿಯ ಚಳಿ, ಜೊತೆಗೆ ನನ್ನ ಹುಟ್ಟು ಸೋಮಾರಿತನ... ಕಾರಣಗಳಿಗೇನು ಬರವೇ? :-) ಆದರೆ ಮೂರು ವಾರದಿಂದ ಪ್ರತಿ ಶನಿವಾರ ಒಂದು ಹಳೇ ಕಾರಿನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದೇನೆ. ಅದನ್ನು ನಿಮಗೆ ಹೇಳದಿದ್ದರೆ ಹೊಟ್ಟೆಯಲ್ಲಿ ಅನ್ನ ಕರಗೋಲ್ಲ.

ನಾನು ಬಾಡಿಗೆಗಿರುವ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜ ಇದ್ದಾರೆ. ಎಂಬತ್ತರ ಹತ್ತಿರ ವಯಸ್ಸು. ಅವರ ಗ್ಯಾರೇಜಿನಲ್ಲಿ 1957ರ ಎಂಜಿಎ ಇದೆ. ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ. ಕಳೆದ ತಿಂಗಳು ಅದನ್ನು ಓಡಿಸಿಕೊಂಡು ಬರುವಾಗ ಬ್ರೇಕ್ ಹಿಡಿದರೆ ಕಾರು ಎಡಕ್ಕೆ ಎಳೆಯತೊಡಗಿತಂತೆ. ಅಜ್ಜನಿಗೆ ಈಗ ಮೊದಲಿನಂತೆ ಬಗ್ಗಲಾಗುವುದಿಲ್ಲ. "ನೀನು ಇಂಜಿನಿಯರ್ ಅಲ್ಲವಾ?" ಅಂತ ಕೇಳಿದರು. ನಾನು ಜಾವಾ ಬರೆಯುವ ಇಂಜಿನಿಯರ್ ಅಂತ ಬಿಡಿಸಿ ಹೇಳುವ ಮೊದಲೇ ಕೈಗೆ ಸ್ಪಾನರ್ ಬಂದಿತ್ತು.

ಮುಂದಿನ ಬಲಗಡೆ ಚಕ್ರ ಬಿಚ್ಚಿದೆವು. ಎರಡು ಸ್ಕ್ರೂ ತೆಗೆದು, ಮರದ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟ ಮೇಲೆ ಡ್ರಮ್ ಕಳಚಿಕೊಂಡು ಬಂತು. ಒಳಗೆಲ್ಲ ಕಪ್ಪು-ಬೂದು ಬಣ್ಣದ ನುಣುಪು ಧೂಳು. ನಾನು ಅಭ್ಯಾಸಬಲದಿಂದ ಬಗ್ಗಿ ಊದಲು ಬಾಯಿ ತೆರೆದೆ. ಅಲ್ಲಿಯವರೆಗೂ ಕಷ್ಟಪಟ್ಟು ಸ್ಟೂಲ್ ಮೇಲೆ ಕೂತಿದ್ದ ಅಜ್ಜ ಅದೆಲ್ಲಿಂದ ಶಕ್ತಿ ಬಂತೋ, ಎದ್ದು ಬಂದು ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದರು. "ಊದಬೇಡ. ಎಂದೆಂದಿಗೂ ಊದಬೇಡ."

ಅಭ್ಯಾಸಬಲ ಅಂದೆನಲ್ಲ... ಶಿವಮೊಗ್ಗದಲ್ಲಿ ಅಪ್ಪನ ಬಜಾಜ್ ಚೇತಕ್ ಇತ್ತು. ಅದಕ್ಕೆ ಎರಡೂ ಕಡೆ ಡ್ರಮ್ ಬ್ರೇಕೇ. ಲೈನರ್ ಹಾಕಿಸಲು ಹೋದಾಗ ಗ್ಯಾರೇಜಿನ ಅಣ್ಣ ಡ್ರಮ್ ಬಿಚ್ಚಿ "ಉಫ್" ಅಂತ ಊದುತ್ತಿದ್ದ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ನಾನೂ ಊದುತ್ತಿದ್ದೆ. ಆ ಧೂಳು ಮುಖಕ್ಕೆ ಹಾರಿದರೆ ನಮಗಿಬ್ಬರಿಗೂ ನಗು. ಆ ಕಾಲದ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಸಾಮಾನ್ಯ ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಓದತೊಡಗಿದೆ. ಓದುತ್ತಾ ಹೋದಂತೆ ಈ ಡ್ರಮ್ಮಿನೊಳಗೆ ದೊಡ್ಡ ಚರಿತ್ರೆಯೇ ಅಡಗಿದೆ ಅನ್ನಿಸಿತು.

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡು ಸೀಮೆ. ನಮ್ಮ ಮಲೆನಾಡಿನಷ್ಟು ಹಸಿರಲ್ಲ, ಏರಿಳಿತಕ್ಕೇನೂ ಕಮ್ಮಿಯಿಲ್ಲ. ಅಲ್ಲಿನ ಗಾಡಿಯವರು ಇಳಿಜಾರಿನಲ್ಲಿ ಕುದುರೆ ಗಾಡಿಯನ್ನು ತಡೆಯಲು ಹಳೇ ಬೂಟನ್ನು ಚಕ್ರಕ್ಕೆ ಒತ್ತಿ ಹಿಡಿಸುತ್ತಿದ್ದರಂತೆ. ಅದನ್ನು ನೋಡಿದ ಹರ್ಬರ್ಟ್ ಫ್ರೂಡ್ ಎಂಬಾತನಿಗೆ, ಈ ಚರ್ಮಕ್ಕಿಂತ ಚೆನ್ನಾಗಿ ಹಿಡಿಯುವ, ಬೇಗ ಸವೆಯದ ವಸ್ತುವೊಂದನ್ನು ಮಾಡಬಾರದೇಕೆ ಅನ್ನಿಸಿತಂತೆ. 1897ರಲ್ಲಿ ಶುರು ಮಾಡಿದ. ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕಲೆಸಿ, ಒಂದು 'ಇ' ಸೇರಿಸಿ ಕಂಪನಿಗೆ 'ಫೆರೋಡೊ' ಅಂತ ಹೆಸರಿಟ್ಟ. ನಮ್ಮೂರ ಬಿಡಿಭಾಗದ ಅಂಗಡಿಗಳಲ್ಲೂ ಈ ಹೆಸರಿನ ಡಬ್ಬಿಗಳನ್ನು ನೀವು ನೋಡಿರಬಹುದು. ಬೂಟಿನ ಕಥೆ ನಿಜವೋ, ಆಮೇಲೆ ಕಟ್ಟಿದ್ದೋ, ನನಗಂತೂ ಇಷ್ಟವಾಯ್ತು.

ಇತ್ತ 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕಿಗೆ ಒಂದು ರೂಪ ಕೊಟ್ಟ. ತಮಾಷೆಯೆಂದರೆ ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದ. ಆದರೆ ಗೆದ್ದಿದ್ದು ಡ್ರಮ್. ಮುಂದಿನ ಐವತ್ತು ವರ್ಷ ಅದರದ್ದೇ ರಾಜ್ಯಭಾರ.

ಯಾಕೆ ಗೆದ್ದಿತು ಅನ್ನುವುದು ಬಿಚ್ಚಿ ನೋಡಿದಾಗ ಗೊತ್ತಾಗುತ್ತೆ. ಡ್ರಮ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಡಬರಿ ಅಂದುಕೊಳ್ಳಿ. ಅದರೊಳಗೆ ಅರ್ಧಚಂದ್ರದಂಥ ಎರಡು ಶೂ. ಒಂದು ತುದಿ ಕೂತಲ್ಲೇ ಕೂತಿರುತ್ತೆ, ಇನ್ನೊಂದು ತುದಿಯನ್ನು ಬ್ರೇಕ್ ಆಯಿಲ್ಲಿನ ಒತ್ತಡ ಹೊರಕ್ಕೆ ತಳ್ಳುತ್ತೆ. ಮಜಾ ಇರುವುದು ಇಲ್ಲಿ. ಬಾಗಿಲ ಕೆಳಗೆ ಮರದ ಬೆಣೆ ಸಿಕ್ಕಿಸಿದ್ದೀರಾ? ಒಂದು ಕಡೆಯಿಂದ ಬಾಗಿಲು ತಳ್ಳಿದಷ್ಟೂ ಬೆಣೆ ಬಿಗಿಯಾಗುತ್ತೆ, ಇನ್ನೊಂದು ಕಡೆ ತಳ್ಳಿದರೆ ಸಡಿಲ. ಶೂ ಕೂಡ ಹಾಗೇ. ತಿರುಗುವ ಡ್ರಮ್ಮೇ ಶೂವನ್ನು ತನ್ನತ್ತ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿಸುತ್ತೆ. ಅದು ಲೀಡಿಂಗ್ ಶೂ. ವಿರುದ್ಧ ದಿಕ್ಕಿನದು ಟ್ರೇಲಿಂಗ್ ಶೂ, ಅದರ ಹಿಡಿತ ಕಮ್ಮಿ. ಎಂಜಿಎ ಮುಂದಿನ ಚಕ್ರಗಳಲ್ಲಿ ಎರಡೂ ಲೀಡಿಂಗ್ ಶೂಗಳೇ. ಚಾಲಕನ ಕಾಲಿಗೆ ಪುಕ್ಕಟೆ ಸಹಾಯ! ಆದರೆ ರಿವರ್ಸ್‌ನಲ್ಲಿ ಹೋದರೆ ಮುಂದಿನ ನಾಲ್ಕೂ ಶೂ ಟ್ರೇಲಿಂಗ್ ಆಗಿಬಿಡುತ್ತವೆ. ಅಜ್ಜ ತಮ್ಮ ಮನೆಯ ಇಳಿಜಾರಿನಲ್ಲಿ ಹಿಂದಕ್ಕೆ ಬರುವಾಗ ಒಂದು ಕೈ ಹ್ಯಾಂಡ್‌ಬ್ರೇಕ್ ಮೇಲೇ ಇಟ್ಟಿರುವುದು ಯಾಕೆ ಅಂತ ನನಗೆ ಆಗಲೇ ಹೊಳೆದದ್ದು.

ಡ್ರಮ್ಮಿನ ಶತ್ರು ಬಿಸಿ. ಲೆಕ್ಕ ಹಾಕಿ ನೋಡಿದೆ (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಬೇಡವೇ!). ಸುಮಾರು 900 ಕೆಜಿಯ ಕಾರು ಗಂಟೆಗೆ 100 ಕಿಮೀ ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖದಲ್ಲಿ ಒಂದು ಲೀಟರ್ ತಣ್ಣೀರು ಹೆಚ್ಚುಕಮ್ಮಿ ಕುದಿಯುವ ಹಂತಕ್ಕೆ ಬರುತ್ತೆ. ಅಷ್ಟೂ ಶಾಖ ಆ ಮುಚ್ಚಿದ ಡಬರಿಗಳೊಳಗೆ. ಬಿಸಿಯಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತೆ, ಪೆಡಲ್ ಕೆಳಗೆ ಕೆಳಗೆ ಹೋಗುತ್ತೆ, ಲೈನರ್ ಹಿಡಿತ ಬಿಡುತ್ತೆ. ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಕೂತವರಿಗೆ ಆ ಸುಟ್ಟ ವಾಸನೆ ವಿವರಿಸಬೇಕಿಲ್ಲ.

ಬ್ರಿಟಿಷ್ ಸ್ಪೋರ್ಟ್ಸ್ ಕಾರಿನವರು ಈ ಗೋಡೆಗೆ ಹಣೆ ಬಡಿದುಕೊಂಡಿದ್ದು ಎರಡನೇ ಮಹಾಯುದ್ಧದ ನಂತರ. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ120ರ ಹೆಸರಲ್ಲೇ ಗಂಟೆಗೆ 120 ಮೈಲಿ ಇತ್ತು. ಓಡುವುದು ಸರಿ, ನಿಲ್ಲಬೇಕಲ್ಲ? ಡನ್‌ಲಪ್ ಜೊತೆ ಸೇರಿ ಜಾಗ್ವಾರ್ ರೇಸ್ ಕಾರುಗಳಿಗೆ ಡಿಸ್ಕ್ ಹಾಕಿತು. 1953ರ ಲೆ ಮಾನ್ಸ್‌ನಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿದ ಸಿ-ಟೈಪ್, ಇಪ್ಪತ್ತನಾಲ್ಕು ಗಂಟೆ ಸರಾಸರಿ 100 ಮೈಲಿಗೂ ಮೀರಿದ ವೇಗದಲ್ಲಿ ಓಡಿ ಗೆದ್ದಿತು. ಲ್ಯಾಂಚೆಸ್ಟರನ ಪೇಟೆಂಟಿಗೆ ಆಗ ಐವತ್ತೊಂದು ವರ್ಷ.

ಎರಡು ವರ್ಷದ ನಂತರದ ಲೆ ಮಾನ್ಸ್ ನೆನೆದರೆ ಮೈ ಜುಂ ಅನ್ನುತ್ತೆ. 1955ರ ಜೂನ್ 11. ಹಾಥಾರ್ನ್‌ನ ಜಾಗ್ವಾರ್ ಡಿ-ಟೈಪ್ ಪಿಟ್‌ಗೆ ಹೋಗಲು ಗಕ್ಕನೆ ಬ್ರೇಕ್ ಹಿಡಿಯಿತು. ಹಿಂದಿದ್ದ ಮ್ಯಾಕ್ಲಿನ್‌ನ ಆಸ್ಟಿನ್-ಹೀಲಿ ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಇನ್ನೂ ವೇಗದಲ್ಲಿ ಬಂದ ಲೆವೆಗ್‌ನ ಮರ್ಸಿಡಿಸ್ ಅದರ ಬೆನ್ನೇರಿ ಹಾರಿ ಜನರ ಕಡೆ ನುಗ್ಗಿತು. ಲೆವೆಗ್ ಅಲ್ಲದೆ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಜಾಗ್ವಾರ್‌ಗೆ ಡಿಸ್ಕ್, ಮರ್ಸಿಡಿಸ್‌ಗೆ ಡ್ರಮ್. ಸಾಲದೆಂದು ಮರ್ಸಿಡಿಸ್‌ನವರು ವಿಮಾನದಂತೆ ಗಾಳಿ ತಡೆಯುವ ರೆಕ್ಕೆಯೊಂದನ್ನು ಸೀಟಿನ ಹಿಂದೆ ಕೂರಿಸಿದ್ದರು. ಬ್ರೇಕುಗಳ ಈ ವ್ಯತ್ಯಾಸವೇ ಕಾರಣ ಅಂತ ಬರೆಯುವವರಿದ್ದಾರೆ. ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. ಹೀಲಿಗೂ ಡಿಸ್ಕೇ ಇತ್ತು, ರಸ್ತೆ ಕಿರಿದಾಗಿತ್ತು, ಪಿಟ್‌ಗೂ ಟ್ರ್ಯಾಕ್‌ಗೂ ನಡುವೆ ಗೋಡೆಯೇ ಇರಲಿಲ್ಲ.

ಅದೇ ರೇಸಿನಲ್ಲಿ ಇನ್ನೂ ಮಾರುಕಟ್ಟೆಗೆ ಬಾರದ ಎಂಜಿಎಯ ಮೂರು ಮಾದರಿಗಳೂ ಓಡಿದ್ದವು. ಒಂದು ಅಪಘಾತಕ್ಕೀಡಾಗಿ ಚಾಲಕ ಡಿಕ್ ಜೇಕಬ್ಸ್ ತೀವ್ರವಾಗಿ ಗಾಯಗೊಂಡ. ಆ ಸೆಪ್ಟೆಂಬರ್‌ನಲ್ಲೇ ಕಾರು ಮಾರಾಟಕ್ಕೆ ಬಂತು, ನಾಲ್ಕೂ ಚಕ್ರಕ್ಕೆ ಹತ್ತಿಂಚಿನ ಡ್ರಮ್ ಹೊತ್ತು! 1956ರಲ್ಲಿ ಟ್ರಯಂಫ್ ಟಿಆರ್3 ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಕೊಂಡಿತು. ಎಂಜಿಎ 1600ಕ್ಕೆ ಆ ಭಾಗ್ಯ ಬಂದಿದ್ದು 1959ರಲ್ಲಿ. ಅಜ್ಜನದು ಎರಡು ವರ್ಷ ಮೊದಲಿನದು, ಪಾಪ.

ಧೂಳಿನ ವಿಷಯಕ್ಕೆ ಬರ್ತೀನಿ. ಫ್ರೂಡ್ ಮೊದಲು ಹತ್ತಿ, ಕೂದಲು, ಡಾಂಬರು ಎಲ್ಲ ಬಳಸಿ ನೋಡಿದ. ಬಿಸಿಗೆ ಯಾವುದೂ ತಡೆಯಲಿಲ್ಲ. ತಡೆದದ್ದು ಆಸ್ಬೆಸ್ಟಾಸ್. ಸುಡುವುದಿಲ್ಲ, ಬಟ್ಟೆಯಂತೆ ನೇಯಬಹುದು. 1920ರ ದಶಕದಲ್ಲಿ ಫೆರೋಡೊ, ಆಸ್ಬೆಸ್ಟಾಸ್ ದೊರೆಗಳಾದ ಟರ್ನರ್ ಅಂಡ್ ನ್ಯೂವಾಲ್ ಕೈಸೇರಿತು. ಅದೇ ಟರ್ನರ್ ಕುಟುಂಬದ ರಾಕ್‌ಡೇಲ್ ಕಾರ್ಖಾನೆಯಲ್ಲಿ ಆಸ್ಬೆಸ್ಟಾಸ್ ನೂಲುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ ತೀರಿಕೊಂಡಳು. ವಯಸ್ಸು ಮೂವತ್ತಮೂರು. ಡಾಕ್ಟರ್ ಕುಕ್ ಅವಳ ಶ್ವಾಸಕೋಶದಲ್ಲಿ ಆ ನೂಲಿನ ಚೂರುಗಳನ್ನು ಕಂಡು ವೈದ್ಯಕೀಯ ಪತ್ರಿಕೆಗೆ ಬರೆದ. ಕಂಪನಿ ತನ್ನ ಹೊಣೆ ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಧೂಳಿನ ಬಗ್ಗೆ ನಿಯಮ ಬಂದಿದ್ದು 1931ರಲ್ಲಿ. ಬ್ರೇಕಿನಲ್ಲಿ ಬಳಸುವ ಬಿಳಿ ಆಸ್ಬೆಸ್ಟಾಸ್ ನಿಷೇಧವಾಗಿದ್ದು 1999ರಲ್ಲಿ! ಮಧ್ಯೆ ಎಷ್ಟು ಗ್ಯಾರೇಜುಗಳು, ಎಷ್ಟು "ಉಫ್"ಗಳು...

ಮುಂದಿನ ಶನಿವಾರ ಮಾಸ್ಕ್ ಹಾಕಿಕೊಂಡು, ಧೂಳನ್ನು ನೀರು ಚಿಮುಕಿಸಿ ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆವು. ಆಮೇಲೆ ಕಾಣಿಸಿತು ಕಳ್ಳ: ಬಲಗಡೆ ಒಂದು ವೀಲ್ ಸಿಲಿಂಡರ್ ರಬ್ಬರ್ ಸವೆದು ಆಯಿಲ್ ಜಿನುಗಿ ಲೈನರ್ ನೆನೆದುಹೋಗಿತ್ತು. ಬಲಗಡೆ ಹಿಡಿತ ಇಲ್ಲ, ಅದಕ್ಕೇ ಎಡಕ್ಕೆ ಎಳೆತ. ಆಯಿಲ್ ಕುಡಿದ ಲೈನರ್ ತೊಳೆದರೂ ಸರಿಹೋಗುವುದಿಲ್ಲ. ಬದಲಿಸಿದರೆ ಎರಡೂ ಕಡೆ ಬದಲಿಸಬೇಕು, ಇಲ್ಲದಿದ್ದರೆ ಮತ್ತೆ ಎಳೆತ. ಆಸ್ಬೆಸ್ಟಾಸ್ ಇಲ್ಲದ ಹೊಸ ಲೈನರಿನ ಶೂಗಳು ಅಂಚೆಯಲ್ಲಿ ಬಂದವು, ಜೊತೆಗೆ ಸಿಲಿಂಡರ್‌ಗಳು.

ಈ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ದಾರಿ. ಎಲ್ಲಿ ತೂತಾದರೂ ಪೆಡಲ್ ನೆಲಕ್ಕೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್ ಇಲ್ಲದ ಸರ್ವರ್. ಹಾಗಾಗಿ ಗಾಳಿ ತೆಗೆಯುವ ಕೆಲಸವನ್ನು ಎರಡು ಸಲ ಮಾಡಿದೆವು. ಅಜ್ಜ ಪೆಡಲ್ ಮೇಲೆ, ನಾನು ಚಕ್ರದ ಹತ್ತಿರ. "ಒತ್ತಿ", "ಬಿಡಿ", "ಒತ್ತಿ", "ಬಿಡಿ"... ಗಂಟೆಗಟ್ಟಲೆ ಇದೇ ಮಂತ್ರ.

ಕೊನೆಗೆ ಅಡ್ಜಸ್ಟ್‌ಮೆಂಟ್. ಡ್ರಮ್ಮಿನಲ್ಲೊಂದು ತೂತಿದೆ. ಅದರೊಳಗೆ ಸ್ಕ್ರೂಡ್ರೈವರ್ ಹಾಕಿ ಚಕ್ರ ಕಚ್ಚಿಕೊಳ್ಳುವವರೆಗೂ ತಿರುಗಿಸಬೇಕು, ಆಮೇಲೆ ಒಂದು ಕಚ್ಚು ಹಿಂದಕ್ಕೆ. 'ಕ್ಲಿಕ್' ಅನ್ನುತ್ತೆ. ಮುಂದಿನ ಒಂದೊಂದು ಚಕ್ರಕ್ಕೂ ಇಂಥವು ಎರಡೆರಡು, ಹಿಂದಿನದಕ್ಕೆ ಒಂದೊಂದು. ಲೈನರ್ ಸವೆದಂತೆಲ್ಲ ಈ ಕೆಲಸ ಮತ್ತೆ ಮತ್ತೆ ಮಾಡಬೇಕು. ಚೇತಕ್‌ನಲ್ಲಿ ವೈರ್ ಬಿಗಿ ಮಾಡುತ್ತಿದ್ದೆವಲ್ಲ, ಅದರ ಅಣ್ಣ.

ಈ ನಡುವೆ ಅಪ್ಪನಿಗೆ ಫೋನ್ ಮಾಡಿ ಆ ಗ್ಯಾರೇಜಿನ ಅಣ್ಣನ ಬಗ್ಗೆ ಕೇಳಿದೆ. "ಇದ್ದಾನೆ ಕಣೋ, ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಬದಲಾಯಿಸಿದ್ದಾನೆ" ಅಂದರು. ಕೆಮ್ಮು ಗಿಮ್ಮು ಇದೆಯಾ ಅಂತ ಕೇಳಿದೆ. "ಅವನಿಗೇನಾಗಿದೆ? ಗುಂಡುಕಲ್ಲು" ಅಂದರು. ಊದಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು ಅಂತ ಹೇಳಿ ಅಂದೆ. ಅಪ್ಪ ನಕ್ಕರು. ಹೇಳ್ತೀನಿ ಅಂದಿದ್ದಾರೆ. ಹೇಳಿದರೋ ಇಲ್ಲವೋ ಈ ಭಾನುವಾರ ಮತ್ತೆ ಕೇಳಬೇಕು.

ನಿನ್ನೆ ಮಳೆ ಬಿಟ್ಟಿದ್ದಾಗ ಕಾರು ಹೊರಗೆ ತೆಗೆದೆವು. ಅಜ್ಜ ಖಾಲಿ ರಸ್ತೆಯಲ್ಲಿ ಮೂವತ್ತು ಮೈಲಿ ವೇಗಕ್ಕೆ ಹೋಗಿ, ಸ್ಟೀರಿಂಗ್ ಸಡಿಲ ಹಿಡಿದು ಬ್ರೇಕ್ ಒತ್ತಿದರು. ನೇರವಾಗಿ ನಿಂತಿತು. ಮತ್ತೊಮ್ಮೆ ಒತ್ತಿದರು. ನೇರ. ನಾನು ಬೀಗುತ್ತಾ ಅವರ ಮುಖ ನೋಡಿದೆ. ಅವರು ಕಣ್ಣು ಕಿರಿದು ಮಾಡಿ, ತಲೆ ವಾಲಿಸಿ ಏನನ್ನೋ ಆಲಿಸುತ್ತಿದ್ದರು.

"ಹಿಂದಿನ ಎಡಗಡೆ ಇನ್ನೂ ಸ್ವಲ್ಪ ಉಜ್ಜುತ್ತಿದೆ. ಒಂದು ಕ್ಲಿಕ್ ಜಾಸ್ತಿ ಬಿಗಿ ಮಾಡಿದ್ದೀಯ" ಅಂದರು.

ಮುಂದಿನ ಶನಿವಾರವೂ ಬುಕ್ ಆಯ್ತು :-)